ಶಿಖರದ ಹುಚ್ಚು ಬಿಡಿ, ಕಣಕ್ಕೆ ಇಳಿಯಿರಿ

ಕೊಡಗಿನಲ್ಲೊಂದು ಹ್ಯಾಮ್ ರೇಡಿಯೊ ಸ್ಟೇಷನ್ ಹಾಕೋಣ ಅಂತ ಹೊರಡುವ ಬೆಂಗಳೂರಿಗರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಗೂಗಲ್ ಅರ್ಥ್ ತೆರೆದು ಜಿಲ್ಲೆಯಲ್ಲಿ ಅತಿ ಎತ್ತರದ ಜಾಗ ಯಾವುದು ಅಂತ ಹುಡುಕೋದು. ತಡಿಯಂಡಮೋಳ್ 1748 ಮೀಟರ್. ಪುಷ್ಪಗಿರಿ 1712. ಕೋಟೆಬೆಟ್ಟ, ಮಾಂದಲ್‌ಪಟ್ಟಿ, ಬ್ರಹ್ಮಗಿರಿ ಎಲ್ಲ 1600ರ ಆಸುಪಾಸು. ಅಲ್ಲಿಗೆ ಜಾಗದ ಪ್ರಶ್ನೆ ಮುಗೀತು. ಆಮೇಲೆ ಒಂದು ವಾಟ್ಸ್‌ಆ್ಯಪ್ ಗ್ರೂಪು, ಒಂದು ಹೋಮ್‌ಸ್ಟೇ ಬುಕಿಂಗು, ಬಾಡಿಗೆಗೆ ಎರಡು ಜೀಪು. ಶನಿವಾರ ಬೆಳಿಗ್ಗೆ ಮಂಜಿನ ನಡುವೆ ಆಂಟೆನಾ ಎತ್ತಿ ನಿಲ್ಲಿಸಿ, ಸುತ್ತ ನಿಂತು ಫೋಟೊ. ಭಾನುವಾರ ಸಂಜೆ ಬೈಲುಕುಪ್ಪೆಯಲ್ಲಿ ಮೊಮೊ ತಿಂದು ವಾಪಸ್.

ನಾನೂ ಹ್ಯಾಮೇ. ಹುಟ್ಟಿದ್ದು ನಾಪೋಕ್ಲು ಕಡೆ, ಹೊಟ್ಟೆಪಾಡು ಮಾರತ್ತಹಳ್ಳಿಯಲ್ಲಿ. ಹಾಗಾಗಿ ಈ ಹುಚ್ಚು ಎಲ್ಲಿಂದ ಬರುತ್ತೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತೆ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಟೆರೇಸಿನ ಮೇಲೆ ಒಂದು ತಂತಿ ಎಳೆಯೋಕೂ ಬಿಡಲ್ಲ. ಬಿಟ್ಟರೂ ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರು, ಲಿಫ್ಟು, ಯುಪಿಎಸ್ ಇವುಗಳ ಕರಕರ ಶಬ್ದದ ಕೆಳಗೆ ದೂರದ ಒಂದು ದನಿಯೂ ಕೇಳಲ್ಲ. ಅಂಥವನನ್ನು ತಗೊಂಡು ಹೋಗಿ ಬೆಟ್ಟದ ತುದಿಯಲ್ಲಿ ನಿಲ್ಲಿಸಿದರೆ ಸ್ವರ್ಗ ಸಿಕ್ಕಿದ ಹಾಗಾಗೋದು ಸಹಜ. ಖುಷಿಗೆ ಹೋಗ್ತೀವಿ ಅಂದ್ರೆ ಹೋಗಿ ಬನ್ನಿ, ನನ್ನ ತಕರಾರಿಲ್ಲ. ಆದರೆ ಅದನ್ನೇ ‘ಕೊಡಗಿಗೆ ಒಂದು ತುರ್ತು ಸಂಪರ್ಕ ಕೇಂದ್ರ’ ಅಂತ ಹೆಸರಿಟ್ಟು, ಚಂದಾ ಎತ್ತಿ, ಸ್ಲೈಡು ಮಾಡಿ ತೋರಿಸೋಕೆ ಶುರುಮಾಡಿದಾಗ ನನ್ನ ಪಿತ್ತ ನೆತ್ತಿಗೇರುತ್ತೆ.

ಹ್ಯಾಮ್ ಅಂದ್ರೇನು ಅಂತ ಕೇಳೋರಿಗೆ ಎರಡು ಮಾತು. ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾದರೆ, 12 ವರ್ಷ ತುಂಬಿದ ಯಾರು ಬೇಕಾದರೂ ಪರವಾನಗಿ ಪಡೆದು, ವಿಯು2 ಅಥವಾ ವಿಯು3 ಅಂತ ಶುರುವಾಗೋ ತಮ್ಮದೇ ಒಂದು ಕರೆಹೆಸರು ಇಟ್ಟುಕೊಂಡು, ಸ್ವಂತ ಟ್ರಾನ್ಸ್‌ಮಿಟರಿನಿಂದ ಮಾತಾಡಬಹುದು. ನಡುವೆ ಟವರ್ ಇಲ್ಲ, ಕಂಪನಿ ಇಲ್ಲ, ರೀಚಾರ್ಜ್ ಇಲ್ಲ. ನಿಮ್ಮ ತಂತಿ, ಅವರ ತಂತಿ, ಮಧ್ಯೆ ಆಕಾಶ. ಎಲ್ಲ ಕೆಟ್ಟು ನಿಂತ ದಿನ ಈ ಹವ್ಯಾಸಿಗಳ ನೆನಪು ಬರೋದು ಅದಕ್ಕೇ.

ಈಗ ಎತ್ತರದ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರೋದು ಕೈಯಲ್ಲಿ ಹಿಡಿಯೋ ವಿಎಚ್‌ಎಫ್ ಸೆಟ್ಟು, 144ರಿಂದ 146 ಮೆಗಾಹರ್ಟ್ಸ್. ಈ ಅಲೆ ಹೆಚ್ಚುಕಮ್ಮಿ ಬೆಳಕಿನ ಹಾಗೆ, ನೇರ ಹೋಗುತ್ತೆ, ಅಡ್ಡ ಬಂದಲ್ಲಿ ನಿಲ್ಲುತ್ತೆ. ಬೆಟ್ಟದ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದು ಎಷ್ಟು ಕಿಲೋಮೀಟರ್ ಹೋಗಬಹುದು ಅಂತ ಅಂದಾಜು ಸಿಗುತ್ತೆ. 1600 ಮೀಟರಿಗೆ ಸುಮಾರು 165 ಕಿಲೋಮೀಟರ್. ಮೈಸೂರೂ ಬಂತು, ಮಂಗಳೂರೂ ಬಂತು. ಸ್ಲೈಡಿನಲ್ಲಿ ಒಂದು ದೊಡ್ಡ ಹಸಿರು ವೃತ್ತ ಬರೆದು ‘ಕವರೇಜ್’ ಅಂತ ತೋರಿಸೋದು ಇದನ್ನೇ.

ಆ ಸೂತ್ರ ಬರೆದದ್ದು ಸಮುದ್ರದ ಹಾಗೆ ಸಪಾಟಾಗಿರೋ ನೆಲಕ್ಕೆ. ಕೊಡಗಿನ ನೆಲ ಹಾಗಿಲ್ಲ, ಮುದುಡಿದ ಕಂಬಳಿಯ ಹಾಗಿದೆ. ತುದಿಯಲ್ಲಿ ನಿಂತವನಿಗೆ 100 ಕಿಲೋಮೀಟರ್ ದೂರದ ಊರು ನೇರ ಸಿಗುತ್ತೆ, ಅದೇ ಬೆಟ್ಟದ ಹೊಟ್ಟೆಯ ಮರೆಯಲ್ಲಿ ಮೂರು ಕಿಲೋಮೀಟರ್ ಕೆಳಗಿರೋ ಮನೆ ಸಿಗಲ್ಲ. ಮೈಸೂರಿನವನ ಜೊತೆ ಮಾತಾಡೋಕೆ ಯಾರಿಗೂ ಮಾಂದಲ್‌ಪಟ್ಟಿ ಬೇಕಾಗಿಲ್ಲ. ಫೋನ್ ಸಾಕು.

‘ಗಾಳಿಪಟ’ ಸಿನಿಮಾದಲ್ಲಿ ಮುಗಿಲುಪೇಟೆ ಆಗಿ 2008ರಿಂದ ಪ್ರಸಿದ್ಧವಾದ ಆ ಮಾಂದಲ್‌ಪಟ್ಟಿಯ ಕಡೆಗೆ ಜೀಪುಗಳು ಹತ್ತೋದು ಮಕ್ಕಂದೂರಿನ ದಿಕ್ಕಿನಿಂದಲೂ. 2018ರ ಆಗಸ್ಟ್ ಮಧ್ಯದಲ್ಲಿ ಏನಾಯಿತು ಅಂತ ನೆನಪಿದೆಯಾ? ಎರಡು ಮೂರು ದಿನದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಹೆಬ್ಬೆಟ್ಟಗೇರಿ ಒಂದು ಕಡೆ, ಮದೆನಾಡು, ಮೊಣ್ಣಂಗೇರಿ, ಜೋಡುಪಾಲ ಇನ್ನೊಂದು ಕಡೆ, ತೋಟ ಸಮೇತ ಗುಡ್ಡಗಳು ಜಾರಿದವು. ಮಡಿಕೇರಿ–ಸಂಪಾಜೆ ಹೆದ್ದಾರಿ ತುಂಡಾಯಿತು. ಕರೆಂಟು ಹೋಯಿತು, ಅದರ ಹಿಂದೆಯೇ ಬ್ಯಾಟರಿ ಬರಿದಾಗಿ ಮೊಬೈಲ್ ಟವರುಗಳು. ಮುಕ್ಕೋಡ್ಲಿನ ಕಡೆ ಸಿಕ್ಕಿಕೊಂಡವರನ್ನು ಸೈನಿಕರು, ಸ್ವಯಂಸೇವಕರು ಕೆಸರಿನಲ್ಲಿ ನಡೆದು ಹೋಗಿ ಹೊರಗೆ ತಂದರು. ಆ ದಿನಗಳಲ್ಲಿ ಎಲ್ಲರನ್ನೂ ಕೊಂದು ತಿಂದದ್ದು ಒಂದೇ ಪ್ರಶ್ನೆ: ಒಳಗೆ ಯಾರು ಉಳಿದಿದ್ದಾರೆ, ಎಷ್ಟು ಜನ, ಯಾರಿಗೆ ಔಷಧಿ ಬೇಕು, ಯಾವ ದಾರಿ ಇನ್ನೂ ಇದೆ? ಉತ್ತರ ಗೊತ್ತಿದ್ದವರು ಕಣಿವೆಯ ಒಳಗಿದ್ದರು. ಕೇಳುವವರು ಮಡಿಕೇರಿಯಲ್ಲಿದ್ದರು. ಶಿಖರದ ಮೇಲೆ ಯಾರೂ ಇರಲಿಲ್ಲ. ಆ ಮಳೆಯಲ್ಲಿ ಅಲ್ಲಿಗೆ ಯಾರೂ ಹೋಗೋಕೂ ಆಗ್ತಿರಲಿಲ್ಲ.

ನಿಮ್ಮ ಸ್ಟೇಷನ್ನಿನ ಜಾಗಕ್ಕೆ ಇದೇ ಮೊದಲ ಪರೀಕ್ಷೆ ಆಗಬೇಕು. ಕಕ್ಕಡ ತಿಂಗಳ ಒಂದು ರಾತ್ರಿ, ದಾರಿಗೆ ಮರ ಬಿದ್ದು, ಹೊಳೆ ಉಕ್ಕಿ, ಕರೆಂಟಿಲ್ಲದಾಗ ಆಪರೇಟರ್ ಅಲ್ಲಿಗೆ ನಡೆದುಕೊಂಡು ತಲುಪಬಲ್ಲನಾ? ಇಲ್ಲ ಅಂದ್ರೆ ಅದು ಪಿಕ್ನಿಕ್ ಸ್ಪಾಟು. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮಡಿಕೇರಿಯಿಂದ 30 ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ನೀವು ಜನವರಿಯಲ್ಲಿ ಬಂದು ನೋಡಿದ ಕೊಡಗು ಬೇರೆ, ಜುಲೈ ಕೊನೆಯ ಕೊಡಗು ಬೇರೆ.

ಇನ್ನು ಈ ಶಿಖರಗಳು ಯಾರದ್ದು ಅಂದ್ಕೊಂಡಿದ್ದೀರಿ? ಪುಷ್ಪಗಿರಿ, ಬ್ರಹ್ಮಗಿರಿ ಎರಡೂ ವನ್ಯಜೀವಿಧಾಮಗಳು, 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ಭಾಗ. ಅಲ್ಲಿ ಕಂಬ ನೆಡೋಕೆ ಅನುಮತಿ ಕೇಳೋ ಮೊದಲು, ಕೇಳಬೇಕಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನಮ್ಮ ಚಿಕ್ಕಪ್ಪನಿಗೆ ರೇಡಿಯೊ ವಿಜ್ಞಾನ ಗೊತ್ತಿಲ್ಲ, ಆದರೆ ಅವರು ಕೇಳಿದ್ದಕ್ಕೆ ನನ್ನ ಗ್ರೂಪಿನ ಯಾರಿಗೂ ಉತ್ತರ ಹೊಳೆದಿಲ್ಲ. ‘ಅಲ್ಲ ಮಾರಾಯ, ಆ ತುದಿಗೆ ಹೋಗಿ ಯಾರ ಹತ್ರ ಮಾತಾಡ್ತೀಯ? ನಾವೆಲ್ಲ ಇಲ್ಲಿ ಕೆಳಗೆ ಇದ್ದೀವಲ್ಲ!’ ಆಮೇಲೆ ಇನ್ನೊಂದು ಸೇರಿಸಿದರು: ‘ಏಪ್ರಿಲಲ್ಲಿ ಅಲ್ಲಿ ಕಬ್ಬಿಣದ ಕಂಬ ನಿಲ್ಲಿಸಿದ್ರೆ ಸಿಡಿಲನ್ನ ಕರೆದು ಕೂರಿಸಿ ಕಾಫಿ ಕೊಟ್ಟ ಹಾಗೆ.’ ನೂರಕ್ಕೆ ನೂರು ಸರಿ. ಬೋಳು ಬಂಡೆಯಲ್ಲಿ ನೆಟ್ಟಗೆ ಅರ್ಥಿಂಗ್ ಕೂಡ ಆಗಲ್ಲ. ಇದ್ದಿಲು–ಉಪ್ಪು ತುಂಬೋಕೆ ಗುಂಡಿ ತೋಡೋದಾದ್ರೂ ಎಲ್ಲಿ?

ಹಾಗಾದ್ರೆ ಕಣಿವೆಯ ತಳದಿಂದ ರೇಡಿಯೊ ಹೊರಗೆ ಹೋಗೋದು ಹೇಗೆ ಅಂತೀರಾ? ಇಲ್ಲೇ ನಮ್ಮ ಶಿಖರಪ್ರಿಯರು ಪರೀಕ್ಷೆಗೆ ಓದಿ ಮರೆತ ಪಾಠ ಇರೋದು. ವಿಎಚ್‌ಎಫ್ ಬಿಟ್ಟು ಕೆಳಗಿನ ತರಂಗಕ್ಕೆ, 7 ಮೆಗಾಹರ್ಟ್ಸಿಗೆ ಬನ್ನಿ. ಈ ಅಲೆಯನ್ನು ನೆಟ್ಟಗೆ ತಲೆಯ ಮೇಲಕ್ಕೆ ಎಸೆದರೆ ಅಯಾನುಗೋಳಕ್ಕೆ ತಾಗಿ ವಾಪಸ್ ಕೆಳಗೆ ಬರುತ್ತೆ, ಸ್ನಾನದ ಮನೆಯ ಶವರ್ ಹಾಗೆ. ಸುತ್ತ 300, 400 ಕಿಲೋಮೀಟರ್ ಒಳಗೆ ಎಲ್ಲರ ಮೇಲೂ ಬೀಳುತ್ತೆ. ಬೆಟ್ಟ ಅಡ್ಡ ಬರೋ ಪ್ರಶ್ನೆಯೇ ಇಲ್ಲ, ಯಾಕಂದ್ರೆ ಅದು ಬರೋದೇ ಮೇಲಿನಿಂದ. ಹ್ಯಾಮ್‌ಗಳು ಇದನ್ನು ಎನ್‌ವಿಐಎಸ್ ಅಂತಾರೆ. ಮಜಾ ಏನಂದ್ರೆ ಇದಕ್ಕೆ ಆಂಟೆನಾ ತಗ್ಗಿನಲ್ಲೇ ಇರಬೇಕು. ಸುಮಾರು 20 ಮೀಟರ್ ಉದ್ದದ ಸಾದಾ ತಾಮ್ರದ ತಂತಿ, ನಡುವೆ ಕೇಬಲ್ಲು, ನೆಲದಿಂದ ನಾಲ್ಕರಿಂದ ಹತ್ತು ಮೀಟರ್ ಎತ್ತರ. ಅದಕ್ಕಿಂತ ತುಂಬಾ ಎತ್ತರಕ್ಕೆ ಕಟ್ಟಿದರೆ ಅಲೆ ದೂರದ ದೇಶಕ್ಕೆ ಹಾರಿ ಹೋಗಿ, ಪಕ್ಕದ ತಾಲೂಕಿನವನಿಗೆ ಕೇಳಿಸೋದು ಕಮ್ಮಿಯಾಗುತ್ತೆ. ರಾತ್ರಿ 7 ಮೆಗಾಹರ್ಟ್ಸ್ ಕೈಕೊಟ್ಟರೆ 3.5 ಇದೆ, ಅದಕ್ಕೆ ತಂತಿಯ ಉದ್ದ ಡಬಲ್. ಅಂದ್ರೆ ಭಾಗಮಂಡಲದಂಥ ಬೋಗುಣಿಯ ತಳದಲ್ಲಿ ಕೂತವನೂ ಮಡಿಕೇರಿಗೆ, ಮೈಸೂರಿಗೆ, ಬೆಂಗಳೂರಿಗೆ ಒಂದೇ ತಂತಿಯಲ್ಲಿ ಮಾತಾಡಬಲ್ಲ. ತಡಿಯಂಡಮೋಳ್ ಹತ್ತೋ ಅಗತ್ಯ ಇಲ್ಲ.

ಹಾಗಂತ ಕೆಳಗೆ ಎಲ್ಲಿ ಬೇಕಾದಲ್ಲಿ ಹಾಕಬಹುದು ಅಂತಲ್ಲ. ಜಾಗ ಹುಡುಕೋ ನಿಜವಾದ ಕೆಲಸ ಶುರುವಾಗೋದೇ ಇಲ್ಲಿಂದ, ಮತ್ತೆ ಅದನ್ನು ಗೂಗಲ್ ಅರ್ಥ್ ಮಾಡಿಕೊಡಲ್ಲ.

ಮೊದಲು ಬರೆ. ಮನೆ ಕಟ್ಟೋಕೆ, ರಸ್ತೆ ಅಗಲ ಮಾಡೋಕೆ ಗುಡ್ಡ ಕಡಿದಾಗ ಹಿಂದೆ ನಿಲ್ಲೋ ಮಣ್ಣಿನ ಗೋಡೆಗೆ ನಾವು ಬರೆ ಅನ್ನೋದು. 2018ರ ನಂತರ ಬಂದ ಭೂವಿಜ್ಞಾನಿಗಳೂ ಬೊಟ್ಟು ಮಾಡಿದ್ದು ಇದರ ಕಡೆಗೇ: ಇಳಿಜಾರನ್ನು ಕಡಿದು ಅದರ ರೂಪ ಕೆಡಿಸಿದ್ದು. ಬರೆಯ ಬುಡದಲ್ಲಾಗಲೀ ಅದರ ನೆತ್ತಿಯ ಮೇಲಾಗಲೀ ಸ್ಟೇಷನ್ ಬೇಡ. ಆಂಟೆನಾಕ್ಕೆ ಸಪಾಟು ಜಾಗ ಮಾಡ್ತೀವಿ ಅಂತ ಜೆಸಿಬಿ ಕರೆಸೋರಿಗೆ ನಮಸ್ಕಾರ, ದಯವಿಟ್ಟು ವಾಪಸ್ ಹೋಗಿ. ಎತ್ತರದಲ್ಲಿದ್ದರೆ ಕ್ಷೇಮ ಅನ್ನೋದೂ ಸುಳ್ಳು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಜಾರಿ ಅರ್ಚಕರ ಮನೆಗಳು ಹೋದವು, ಐದು ಜೀವ ಹೋಯಿತು. ತಲಕಾವೇರಿ ಸುಮಾರು 1276 ಮೀಟರ್ ಎತ್ತರದಲ್ಲಿದೆ. ಅದರ ಹಿಂದಿನ ವರ್ಷ ತೋರದಲ್ಲಿ ಕುಸಿಯಿತು. ಅದೇ ವಾರ ಕಾವೇರಿ ಉಕ್ಕಿ ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯದ ನದಿದಂಡೆಯ ಮನೆಗಳು ಮುಳುಗಿದವು. ಒಂದು ಕಡೆ ಮಣ್ಣು, ಇನ್ನೊಂದು ಕಡೆ ನೀರು. ನಡುವೆ ಸುರಕ್ಷಿತವಾಗಿರೋ ಜಾಗ ಯಾವುದು ಅಂತ ಆ ಊರಿನ ಮುದುಕರಿಗೆ ಗೊತ್ತಿರುತ್ತೆ. ಎಷ್ಟು ತಲೆಮಾರಿನ ಮಳೆ ಯಾವ ಕಟ್ಟಡ ಕಂಡಿದೆ ಅಂತ ಅವರನ್ನು ಕೇಳಬೇಕು.

ಆಮೇಲೆ ಗದ್ದಲ. ಕೊಡಗಿನಲ್ಲಿ ಗದ್ದಲ ಎಲ್ಲಿಂದ ಅಂತ ನಗಬೇಡಿ. ಆನೆ ಕಾಟಕ್ಕೆ ತೋಟದ ಸುತ್ತ ಸೋಲಾರ್ ಬೇಲಿ ಹಾಕಿರ್ತಾರಲ್ಲ, ಅದು ಸೆಕೆಂಡಿಗೆ ಒಂದರಂತೆ ಹೈ ವೋಲ್ಟೇಜ್ ಹೊಡೆತ ಬಿಡುತ್ತಾ ಇರುತ್ತೆ. ಮಳೆಗಾಲದಲ್ಲಿ ಕಾಡುಬಳ್ಳಿ ಬೆಳೆದು ತಂತಿಗೆ ತಾಗಿದರೆ ಕಿಡಿ ಹಾರಿ ರೇಡಿಯೊದಲ್ಲಿ ಟಕ್, ಟಕ್, ಟಕ್. ರಾತ್ರಿಯಿಡೀ. ಅದರ ಮಧ್ಯೆ ಕ್ಷೀಣವಾದ ಒಂದು ದನಿ ಹಿಡಿಯೋದು ಹುಡುಗಾಟ ಅಲ್ಲ. ಬೇಲಿ ಆಫ್ ಮಾಡಿ ಅಂತ ಕೇಳೋ ಹಾಗೂ ಇಲ್ಲ, ಆಚೆ ಆನೆ ನಿಂತಿರುತ್ತೆ. ಜಾಗ ನೋಡೋಕೆ ಹೋದಾಗ ಒಂದು ಚಿಕ್ಕ ಬ್ಯಾಟರಿ ರೇಡಿಯೊ ತಗೊಂಡು ಹೋಗಿ, ಶಾರ್ಟ್‌ವೇವಿಗೆ ಹಾಕಿ, ಸಂಜೆ ಏಳು ಗಂಟೆಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೇಳಿ. ಹಗಲು ಬೇಡ, ಬೇಲಿ ಆನ್ ಆಗೋದು ಸಂಜೆಗೇ ಹೆಚ್ಚು.

ಕರೆಂಟಿನ ತಂತಿ ಇನ್ನೂ ಮುಖ್ಯ. ಕಾಳುಮೆಣಸು ಕೊಯ್ಯೋಕೆ ಬಳಸೋ ಅಲ್ಯುಮಿನಿಯಂ ಏಣಿ ಲೈನಿಗೆ ತಗುಲಿ ಕಾರ್ಮಿಕರು ಸಾಯೋ ಸುದ್ದಿ ಕೊಡಗಿನ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆಯೋ! ಏಣಿ ಅಲ್ಯುಮಿನಿಯಮ್ಮು, ನಿಮ್ಮ ಆಂಟೆನಾದ ಕಂಬವೂ ಅಲ್ಯುಮಿನಿಯಮ್ಮು. ಕಂಬ ಯಾವ ಕಡೆ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ನನ್ನನ್ನು ಕೇಳಿದರೆ ಕಂಬವೇ ಬೇಡ.

ಯಾಕೆ ಅಂದ್ರೆ ಕೊಡಗಿನಲ್ಲಿ ಕಣ ಇದೆ. ಕಾಫಿ ಒಣಗಿಸೋ ಕಣ. ತೋಟದ ನಡುವೆ, ಎಂದೋ ಸಪಾಟು ಮಾಡಿ ಗಟ್ಟಿಯಾದ ನೆಲ, ಸಿಮೆಂಟು ಅಥವಾ ಸಾರಣೆ. ಲಾರಿ ಬಂದು ಮೂಟೆ ತುಂಬೋ ಜಾಗವಾದ್ದರಿಂದ ದಾರಿ ಇರಲೇಬೇಕು. ಪಕ್ಕದಲ್ಲಿ ಮಳೆ ತಾಗದ ಗೋಡೌನು. ಸ್ವಲ್ಪ ದೊಡ್ಡ ತೋಟವಾದರೆ ಪಲ್ಪರ್ ಓಡಿಸೋಕೆ ಜನರೇಟರೂ ಇರುತ್ತೆ. ಸುತ್ತ ಸಿಲ್ವರ್ ಓಕ್. ಎರಡು ಮರದ ನಡುವೆ ತಂತಿ ಎಳೆದರೆ ಮುಗೀತು, ಒಂದು ತುದಿಗೆ ರಾಟೆ ಹಾಕಿ ಕಲ್ಲು ತೂಗುಬಿಟ್ಟರೆ ಗಾಳಿಗೆ ಮರ ತೂಗಿದರೂ ತಂತಿ ಹರಿಯಲ್ಲ. ಮರಗಸಿ ಮಾಡೋ ಆಳುಗಳಿಗೆ ಮಾತ್ರ ಮೊದಲೇ ಹೇಳಿಡಬೇಕು, ಇಲ್ಲಾಂದ್ರೆ ಕೊಂಬೆಯ ಜೊತೆ ನಿಮ್ಮ ತಂತಿಯೂ ಇಳಿಯುತ್ತೆ. ಎಲ್ಲಕ್ಕಿಂತ ಒಳ್ಳೇ ವಿಷಯ, ಕೊಯ್ಲು ಮುಗಿದು ಏಪ್ರಿಲ್ ಬಂತೆಂದರೆ ಕಣ ಖಾಲಿ. ನಮಗೆ ಬೇಕಾಗಿರೋ ಮಳೆಗಾಲ ಪೂರ್ತಿ ಖಾಲಿ.

ವಿದ್ಯುತ್ತಿನ ಲೆಕ್ಕವನ್ನೂ ಹೇಳಿಬಿಡ್ತೀನಿ. 100 ವ್ಯಾಟಿನ ಸೆಟ್ಟು ಸುಮ್ಮನೆ ಕೇಳುತ್ತಾ ಕೂತರೆ ಸುಮಾರು 1 ಆಂಪಿಯರ್ ಎಳೆಯುತ್ತೆ. ಪೂರ್ತಿ ದಮ್ಮಿನಲ್ಲಿ ಮಾತಾಡಿದರೆ 20. ಮಾತು ಚುಟುಕಾಗಿಟ್ಟರೆ 100 ಆಂಪಿಯರ್ ಅವರಿನ ಇನ್ವರ್ಟರ್ ಬ್ಯಾಟರಿಯಲ್ಲಿ ಒಂದೂವರೆ ದಿನಕ್ಕೆ ಮೋಸವಿಲ್ಲ. ಸೋಲಾರ್ ಪ್ಯಾನೆಲ್ ನಂಬಿ ಕೂರಬೇಡಿ. ಕಕ್ಕಡದಲ್ಲಿ ಸೂರ್ಯನ ಮುಖ ಕಾಣೋದು ಕ್ಯಾಲೆಂಡರಿನಲ್ಲಿ ಮಾತ್ರ. ಚಾರ್ಜ್ ಮಾಡೋಕೆ ಜೀಪು ಇದೆ. ಕೊಡಗಿನ ತೋಟದಲ್ಲಿ ಜೀಪಿಗೆ ಬರ ಇಲ್ಲವಲ್ಲ.

‘ಅದೆಲ್ಲ ಬಿಡಿ ಸಾರ್, ಮಡಿಕೇರಿ ಡಿಸಿ ಆಫೀಸಿನಲ್ಲಿ ಒಂದು ಸ್ಟೇಷನ್ ಇಟ್ಟರೆ ಸಾಕಲ್ವಾ?’ ಅನ್ನೋರಿದ್ದಾರೆ. ಇಡಿ, ಅದೂ ಬೇಕು. ಆದರೆ ಕೇಳೋ ಕಿವಿ ಮಾತ್ರ ಇಟ್ಟು, ಮಾತಾಡೋ ಬಾಯಿ ಇಡದಿದ್ದರೆ ಏನು ಬಂತು? ‘ಸ್ಯಾಟಲೈಟ್ ಫೋನ್ ಬಂದಿದೆ, ಇನ್ನು ಈ ಓಬೀರಾಯನ ಕಾಲದ ತಂತಿ ಯಾಕೆ’ ಅನ್ನೋರೂ ಇದ್ದಾರೆ. ಆ ಫೋನು ಮುಕ್ಕೋಡ್ಲಿನ ಯಾರ ಮನೆಯಲ್ಲಿದೆ ಅಂತ ತೋರಿಸಿದರೆ ಮುಂದೆ ಮಾತಾಡೋಣ.

ಶಿಖರವಾದಿಗಳು ಎಸೆಯೋ ಒಂದೇ ಒಂದು ಒಳ್ಳೇ ಬಾಣ ಇದೆ, ಅದನ್ನು ಮುಚ್ಚಿಡಲ್ಲ. ರಿಪೀಟರ್. ಎತ್ತರದಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಕೆಳಗಿನ ಚಿಕ್ಕ ಹ್ಯಾಂಡ್‌ಸೆಟ್ಟಿನ ದನಿಯನ್ನು ಹಿಡಿದು ಜೋರಾಗಿ ಮರುಪ್ರಸಾರ ಮಾಡುತ್ತೆ. ನಮ್ಮ ಕುಟ್ಟದ ಗಡಿ ದಾಟಿದರೆ ಸಿಗೋ ವಯನಾಡಿನಲ್ಲಿ, 2024ರ ಜುಲೈ 30ರ ಮುಂಡಕ್ಕೈ–ಚೂರಲ್‌ಮಲ ಕುಸಿತದ ನಂತರ ಅಲ್ಲಿನ ಹ್ಯಾಮ್‌ಗಳು ಹೀಗೇ ಮಾಡಿದರು. ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಕಂಟ್ರೋಲ್ ಸ್ಟೇಷನ್, ಅಂಬಲವಯಲ್ ಹತ್ತಿರದ ಗುಡ್ಡದ ಮೇಲೆ ರಿಪೀಟರ್, ಕುಸಿದ ಜಾಗದಲ್ಲಿ ಕೈಯಲ್ಲಿ ಸೆಟ್ಟು ಹಿಡಿದ ಜನ. ಚೆನ್ನಾಗಿ ನೋಡಿ, ಗುಡ್ಡದ ಮೇಲಿದ್ದದ್ದು ಪೆಟ್ಟಿಗೆ. ಮನುಷ್ಯರು ಕೆಲಸ ಇರೋ ಕಡೆ ಇದ್ದರು. ಮತ್ತೆ ಅವರು ವಯನಾಡಿನ ಆಸುಪಾಸಿನವರೇ, ದಾರಿ ಗೊತ್ತಿದ್ದವರು. ನಮ್ಮಲ್ಲೂ ಅಂಥ ಪೆಟ್ಟಿಗೆ ಇಡಿ, ಈಗಾಗಲೇ ರಸ್ತೆ, ಕರೆಂಟು, ಕಾವಲು ಇರೋ ಯಾವುದಾದರೂ ಟವರಿನ ಪಕ್ಕ ಜಾಗ ಕೇಳಿ. ಹೊಸ ಬೆಟ್ಟ ಹುಡುಕಬೇಡಿ.

ಆಸುಪಾಸಿನವರು ಅಂದೆನಲ್ಲ, ನನ್ನ ಜಗಳದ ತಿರುಳು ಅಲ್ಲೇ ಇದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿಗೆ ಹೋಗಿತ್ತು. ಪೋರ್ಟ್ ಬ್ಲೇರ್‌ನ ಹೋಟೆಲಿನಲ್ಲಿ ಆಂಟೆನಾ ಕಟ್ಟಿ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡ್ತಾ ಇದ್ದಾಗ, 26ರಂದು ಸುನಾಮಿ ಬಂತು. ದ್ವೀಪಗಳ ಸುದ್ದಿ ಹೊರಗೆ ತಲುಪಿಸೋಕೆ ಅವರ ಸ್ಟೇಷನ್ ಒದಗಿತು. ಅವರು ಮಾಡಿದ ಕೆಲಸಕ್ಕೆ ಕೈ ಮುಗೀತೀನಿ. ಆದರೆ ಅವರು ಆ ವಾರ ಅಲ್ಲಿದ್ದದ್ದು ಯೋಗಾಯೋಗ. ಕೊಡಗಿನಲ್ಲಿ ಗುಡ್ಡ ಜಾರೋ ವಾರವೇ ನಿಮ್ಮ ವೀಕೆಂಡ್ ಬರುತ್ತೆ ಅಂತ ಯಾವ ಜೋಯಿಸ ಹೇಳಿದ್ದಾನೆ? ಜಾರಿದ ಮೇಲೆ ಹೊರಡ್ತೀವಿ ಅಂದ್ರೆ ಕುಶಾಲನಗರದಲ್ಲೇ ನಿಮ್ಮನ್ನು ತಡೀತಾರೆ, ತಡೆಯೋದು ಸರಿಯೂ ಹೌದು.

ಪರವಾನಗಿ ಹಾಳೆಯ ಮೇಲೆ ಸ್ಟೇಷನ್ನಿನ ವಿಳಾಸ ಅಂತ ಒಂದು ಸಾಲು ಇರುತ್ತೆ. ನಮ್ಮ ಗುಂಪಿನ ಹೆಚ್ಚಿನವರ ಹಾಳೆಯಲ್ಲಿ ಅಲ್ಲಿ ಬೆಂಗಳೂರಿನ ಪಿನ್‌ಕೋಡು. ಮಕ್ಕಂದೂರಿನ, ಭಾಗಮಂಡಲದ, ಸಿದ್ದಾಪುರದ ಪಿನ್‌ಕೋಡು ಇರೋ ಹಾಳೆಗಳು ಬೇಕು. ಕಣದ ರೈಟರು, ಅಂಗನವಾಡಿ ಟೀಚರು, ಪಂಚಾಯಿತಿಯ ವಾಟರ್‌ಮ್ಯಾನು, ಹೈಸ್ಕೂಲಿನ ಎಂಟನೇ ಕ್ಲಾಸಿನ ಹುಡುಗಿ, ಯಾರಾದರೂ ಆಗಬಹುದು. ಓಮ್ಸ್ ನಿಯಮ, ನಾಲ್ಕು ಸರ್ಕ್ಯೂಟು, ಒಂದಷ್ಟು ಕಾನೂನು, ಕೋಡು. ಕನ್ನಡದಲ್ಲಿ ಹೇಳಿಕೊಡೋರು ಇದ್ದರೆ ಎರಡು ಮೂರು ತಿಂಗಳ ಓದು. ಈ ‘ಹೇಳಿಕೊಡೋರು’ ಅನ್ನೋ ಜಾಗದಲ್ಲಿ ನೀವು ಬರಬಹುದು. ವೀಕೆಂಡು ಹೇಗೂ ಇದೆ, ಜೀಪಿನ ಬಾಡಿಗೆ ಉಳಿಯುತ್ತೆ.

ಮೊನ್ನೆ ಗ್ರೂಪಿನಲ್ಲಿ ಇದನ್ನೇ ಬರೆದೆ. ಒಬ್ಬ ಥಂಬ್ಸ್ ಅಪ್ ಹಾಕಿದ. ಇನ್ನೊಬ್ಬ ಕೋಟೆಬೆಟ್ಟದ ಡ್ರೋನ್ ವಿಡಿಯೊ ಕಳಿಸಿ ‘ವ್ಯೂ ನೋಡು ಮಗಾ’ ಅಂದ. ಮೂರನೆಯವನು, ಮಡಿಕೇರಿಯಲ್ಲಿ ಓದಿ ಬೆಳೆದವನು, ಪ್ರೈವೇಟಾಗಿ ಮೆಸೇಜ್ ಮಾಡಿ ಅವರ ದೊಡ್ಡಪ್ಪನ ಕಣ ಹಟ್ಟಿಹೊಳೆಯ ಹತ್ತಿರ ಇದೆ, ಅಳತೆ ಹಿಡಿಯೋಕೆ ಯಾವಾಗ ಬರ್ತೀಯ ಅಂತ ಕೇಳಿದ್ದಾನೆ. ಮೇ ತಿಂಗಳ ಒಳಗೆ ಹೋಗಬೇಕು. 30 ಮೀಟರಿನ ಟೇಪು, ಬ್ಯಾಟರಿ ರೇಡಿಯೊ, ರಾಟೆ ಎರಡು ತೆಗೆದಿಟ್ಟಿದ್ದೀನಿ.